ನಾನಲ್ಲಪ್ಪ, ನಾನಲ್ಲ

ಅಮ್ಮ ತೀರಿಕೊಂಡ ಮರುದಿನ ಮನೆಗೆ ಬಂದವರಲ್ಲಿ ಅರ್ಧ ಜನ ಮೊದಲು ನೋಡಿದ್ದು ಮಗನ ಹೊಟ್ಟೆಯನ್ನು. ಕಣ್ಣೀರು ಆಮೇಲೆ ಬಂತು.

"ಇವರೇನಾ ಬೆಲ್ಲಪ್ಪ?" ಎಂದು ಒಬ್ಬಾಕೆ ಹೊಸಿಲಲ್ಲೇ ನಿಂತು ಪಕ್ಕದವಳ ಕಿವಿಯಲ್ಲಿ ಕೇಳಿದಳು. ಕಿವಿಯಲ್ಲಿ ಹೇಳಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. "ಅಯ್ಯೋ, ಇಷ್ಟು ಒಣಗಿಕೊಂಡಿದ್ದಾರಲ್ಲ! ನಾನು ಗುಂಡುಗುಂಡಗೆ ಇರ್ತಾರೆ ಅಂದ್ಕೊಂಡಿದ್ದೆ."

"ಅಮ್ಮ ಹೋದ ದುಃಖಕ್ಕೆ ಇಳಿದುಹೋಗಿರಬೇಕು ಬಿಡು" ಎಂದಳು ಇನ್ನೊಬ್ಬಳು. ಒಂದೇ ದಿನದಲ್ಲಿ!

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸಾವಿನ ಮನೆಯಲ್ಲಿ ನಗುವುದಕ್ಕೂ ಒಂದು ಹೊತ್ತುಗೊತ್ತು ಇರಬೇಕಲ್ಲವೇ?

ತೀರಿಕೊಂಡಾಕೆ ಮಕ್ಕಳಿಗಾಗಿ ಕಥೆ ಬರೆಯುತ್ತಿದ್ದವಳು. ಊರೆಲ್ಲ ಆಕೆಯನ್ನು ಕಥೆಯಮ್ಮ ಎನ್ನುತ್ತಿತ್ತು. ಅಪ್ಪ ಓದಿದ ಪುಸ್ತಕವನ್ನೇ ಮಗ ಓದಿ, ಮೊಮ್ಮಗಳು ಓದಿ, ರಟ್ಟು ಹರಿದು ಹಾಳೆ ಉದುರಿದರೂ ಯಾರೂ ಬಿಸಾಡುತ್ತಿರಲಿಲ್ಲ. ಆ ಪುಸ್ತಕಗಳಲ್ಲೆಲ್ಲ ಒಬ್ಬನೇ ಹುಡುಗ, ಬೆಲ್ಲಪ್ಪ. ಕುಂಬಳಕಾಯಿಯಂಥ ಹೊಟ್ಟೆ, ಬನ್ನಿನಂಥ ಕೆನ್ನೆ. ಅಟ್ಟದ ಮೇಲಿಟ್ಟರೂ ಬಾವಿಯೊಳಗೆ ಇಳಿಬಿಟ್ಟರೂ ಅವನು ಬೆಲ್ಲದ ಡಬ್ಬಿಯನ್ನು ಪತ್ತೆಹಚ್ಚುತ್ತಿದ್ದ. ಪ್ರತಿ ಕಥೆಯ ಕೊನೆಯಲ್ಲೂ ಅಜ್ಜಿ ಒಳಗಿನಿಂದ "ಯಾರದು ಡಬ್ಬಿ ಮುಚ್ಚಳ ತೆಗೆದಿದ್ದು?" ಎಂದು ಗುಡುಗುತ್ತಿದ್ದಳು. ಬೆಲ್ಲಪ್ಪ ಮೂತಿಗೆಲ್ಲ ಬೆಲ್ಲ ಮೆತ್ತಿಕೊಂಡು, ಕೈ ಬೆನ್ನ ಹಿಂದೆ ಅಡಗಿಸಿಕೊಂಡು, "ನಾನಲ್ಲಪ್ಪ, ನಾನಲ್ಲ!" ಎನ್ನುತ್ತಿದ್ದ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಕಥೆಯಮ್ಮನಿಗೆ ಇದ್ದವನು ಒಬ್ಬನೇ ಮಗ. ಮೊದಲ ಪುಸ್ತಕದ ಮೊದಲ ಪುಟದಲ್ಲೇ ಆಕೆ 'ಇದು ನಮ್ಮ ಮನೆಯಲ್ಲಿ ನಡೆದದ್ದು' ಎಂದು ಬರೆದುಬಿಟ್ಟಿದ್ದಳು. ಊರಿಗೆ ಇನ್ನೇನು ಬೇಕು? ಮಗನ ಸ್ವಂತ ಹೆಸರು ಶಾಲೆಯ ಹಾಜರಿಯಲ್ಲಿ ಮಾತ್ರ ಉಳಿಯಿತು. ನಾವಾದರೂ ಅವನನ್ನು ಬೆಲ್ಲಪ್ಪ ಎನ್ನುವುದು ಬೇಡ. ಮಾರುಕಟ್ಟೆಯ ಆಚೆ, ಲಾರಿಗಳನ್ನು ಸರಕಿನ ಸಮೇತ ತೂಕ ಹಾಕುವ ಕಟ್ಟೆಯಲ್ಲಿ ಅವನ ಕೆಲಸ. ತೂಕದವನು ಎನ್ನೋಣ. ಅಲ್ಲಿಯೂ ಲಾರಿಯವರು ಬಿಡುತ್ತಿರಲಿಲ್ಲ. "ಮೊದಲು ನೀನು ಹತ್ತಪ್ಪ ಕಟ್ಟೆ ಮೇಲೆ. ನಿನ್ನ ತೂಕ ಕಳೆದು ನನ್ನ ಲಾರಿದು ಬರ್ಕೋ" ಎನ್ನುತ್ತಿದ್ದರು. ಅವನೋ ಕಡ್ಡಿ ಪೈಲ್ವಾನ.

ಅವನು ಕಡ್ಡಿಯಾದದ್ದಕ್ಕೆ ಕಾರಣವೂ ಅದೇ ಬೆಲ್ಲ. ಹುಟ್ಟಿದಾರಭ್ಯ ಅವನು ಒಂದೇ ಒಂದು ಸಲವೂ ಆ ಡಬ್ಬಿಗೆ ಕೈ ಹಾಕಿದವನಲ್ಲ. ಚಿಕ್ಕವನಿದ್ದಾಗ "ನಾನಲ್ಲ" ಎಂದ, ಮನೆಮಂದಿ ನಕ್ಕರು. ಶಾಲೆಯಲ್ಲಿ ಮೇಜು ಗುದ್ದಿ "ನಾನಲ್ಲ" ಎಂದ; ಇಡೀ ತರಗತಿ ನಕ್ಕಿತು, ಮೇಷ್ಟರೂ ನಕ್ಕರು. ಬೆಲ್ಲಪ್ಪ ಹೇಳುವುದೂ ಅದನ್ನೇ ಅಲ್ಲವೇ? ನಿಜ ಹೇಳಿದಷ್ಟೂ ಕಳ್ಳನಾಗುವ ಶಿಕ್ಷೆ ಶತ್ರುವಿಗೂ ಬೇಡ. ಕೊನೆಗೆ ಹೇಳುವುದನ್ನು ಬಿಟ್ಟ. ಅದರ ಜೊತೆಗೇ ನಾಲ್ಕು ಜನರೆದುರು ತಿನ್ನುವುದನ್ನೂ ಬಿಟ್ಟ. ಕಟ್ಟೆಯಲ್ಲಿ ಬುತ್ತಿ ಬಿಚ್ಚಿದರೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಮನೆಯಲ್ಲೂ ಬಡಿಸಿದಷ್ಟು ಉಂಡು ಏಳುತ್ತಿದ್ದ, ಎರಡನೆಯ ಸಲ ಬೇಕೆಂದು ಕೇಳಿದವನಲ್ಲ.

*

ಅಮ್ಮ ಹೋಗಿ ವಾರ ಕಳೆಯುವಷ್ಟರಲ್ಲಿ ಪ್ರಕಾಶಕರು ಬಂದರು. ಕಥೆಯಮ್ಮನ ಪುಸ್ತಕಗಳಿಂದ ಮೂರು ಮಹಡಿ ಎತ್ತಿದ ಮನುಷ್ಯ. ಕುರ್ಚಿಯ ತುದಿಯಲ್ಲಿ ಕೂತು, ಕನ್ನಡಕ ತೆಗೆದು ಒರೆಸಿಕೊಂಡು, "ಊರಿನ ತಾಯಿ ಹೋದರು" ಎಂದರು. ಕನ್ನಡಕ ಹಾಕಿಕೊಂಡ ಮೇಲೆ ದನಿ ಬೇರೆಯಾಯಿತು.

"ಸ್ಮಾರಕ ಸಮಿತಿ ಮಾಡಿದೀವಿ. ನಿಮ್ಮ ಮನೆ ಎದುರಿನ ಉದ್ಯಾನ ಇದೆಯಲ್ಲ, ಜಾರುಬಂಡೆ ಪಕ್ಕ, ಅಲ್ಲಿ ಒಂದು ಶಿಲ್ಪ ನಿಲ್ಲಿಸ್ತೀವಿ."

"ಅಮ್ಮಂದಾ?" ಎಂದು ತೂಕದವನ ಮಗಳು ಕೇಳಿದಳು. ಅವಳು ಶಿಶುವಿಹಾರದಲ್ಲಿ ಟೀಚರು. ಅಜ್ಜಿಯನ್ನು ಅವಳೂ ಅಮ್ಮ ಎಂದೇ ಕರೆಯುತ್ತಿದ್ದಳು.

"ಅಮ್ಮನ ಮುಖ ಮಕ್ಕಳಿಗೆ ಏನು ಗೊತ್ತಮ್ಮ? ಬೆಲ್ಲಪ್ಪಂದು! ಡಬ್ಬಿಯೊಳಗೆ ಕೈ, ಮೂತಿ ತುಂಬಾ ಬೆಲ್ಲ. ಕೆಳಗೆ ಕಲ್ಲಲ್ಲಿ 'ನಾನಲ್ಲಪ್ಪ, ನಾನಲ್ಲ' ಅಂತ. ಅನಾವರಣಕ್ಕೆ ನಿಮ್ಮಪ್ಪ ವೇದಿಕೆ ಮೇಲೆ ಬಂದು, ಅದೇ ಹಳೇ ಡಬ್ಬಿಗೆ ಕೈ ಹಾಕಿ ಒಂದು ಉಂಡೆ ಬೆಲ್ಲ ತೆಗೆದು ಬಾಯಿಗೆ ಹಾಕ್ಕೊಂಡ್ರೆ ಸಾಕು. ಡಬ್ಬಿ ಮನೇಲಿದೆ ತಾನೇ?"

ತೂಕದವನ ಹೆಂಡತಿ ಚಹಾ ತಂದಿಟ್ಟಳು. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬಂದವಳು, ಇನ್ನೂ ಚಪ್ಪಲಿಯ ಗುರುತು ಪಾದದಲ್ಲಿತ್ತು. ಗಂಡನ ಮುಖ ನೋಡಿ ಅಲ್ಲೇ ನಿಂತಳು.

"ಆಗಲ್ಲ" ಎಂದ ತೂಕದವನು.

"ಏನು ಸಾರ್ ಆಗಲ್ಲ?"

"ಎರಡೂ ಆಗಲ್ಲ. ನಾನು ಬರಲ್ಲ. ಆ ಶಿಲ್ಪಾನೂ ಬೇಡ."

ಪ್ರಕಾಶಕರು ನಕ್ಕರು. "ನೋಡಿ, ಮಾತಾಡೋದೂ ಥೇಟ್ ಬೆಲ್ಲಪ್ಪನ ಹಾಗೇ!"

ಅವರು ಚಹಾ ಮುಗಿಸಿ, "ಯೋಚನೆ ಮಾಡಿ, ಅವಸರ ಇಲ್ಲ" ಎಂದು ಹೇಳಿ ಹೋದರು. ಅವಸರ ಏಕಿರುತ್ತದೆ? ಶಿಲ್ಪಿಗೆ ಮುಂಗಡ ಆಗಲೇ ಕೊಟ್ಟಾಗಿತ್ತು.

ಆ ರಾತ್ರಿಯ ಊಟಕ್ಕೆ ಮೇಜಿನ ಸುತ್ತ ಮೂವರು ಕೂತರು. ತೂಕದವನು, ಮಗಳು, ಮತ್ತೆ ದೊಡ್ಡತ್ತೆ. ದೊಡ್ಡತ್ತೆ ಎಂದರೆ ತೂಕದವನ ಅಪ್ಪನ ಅಕ್ಕ. ಮದುವೆಯಾಗದೆ ತವರಲ್ಲೇ ಉಳಿದು, ತಮ್ಮನನ್ನೂ ತಮ್ಮನ ಹೆಂಡತಿಯನ್ನೂ ಕಳಿಸಿಕೊಟ್ಟ ಮೇಲೂ ಗಟ್ಟಿಮುಟ್ಟಾಗಿದ್ದಾಕೆ. ಹುಣಸೆಮರ ಮುಪ್ಪಾದರೆ ಹುಳಿ ಮುಪ್ಪೇ? ಉಗ್ರಾಣದ ಕಪಾಟಿನ ಬೀಗದ ಕೈ ಈಗಲೂ ಆಕೆಯ ಸೊಂಟದಲ್ಲೇ ಇತ್ತು. ಹೆಂಡತಿ ಒಲೆಗೂ ಮೇಜಿಗೂ ಓಡಾಡುತ್ತ ಬಡಿಸಿದಳು. ನಾಲ್ಕನೆಯ ಕುರ್ಚಿಯ ಮೇಲೆ ಎಂದಿನಂತೆ ಮಡಿಸಬೇಕಾದ ಬಟ್ಟೆಗಳ ರಾಶಿ.

"ಅಪ್ಪ, ಅದು ಬರೀ ಕಥೆ ಕಣಪ್ಪ" ಎಂದಳು ಮಗಳು. "ನಮ್ಮ ಶಿಶುವಿಹಾರದ ಮಕ್ಕಳು ಬೆಲ್ಲಪ್ಪ ಅಂದ್ರೆ ಪ್ರಾಣ ಬಿಡ್ತಾರೆ. ಅಮ್ಮನ್ನ ನೆನೆಯೋಕೆ ಇನ್ನೇನು ಬೇಕು?"

"ನೆನೀಲಿ. ಬೇಡ ಅಂದೋರ್ಯಾರು? ನನ್ನ ಕಲ್ಲು ಮಾಡಿ ನಿಲ್ಲಿಸಿ ನೆನೀಬೇಕಾ? ದಿನಾ ಬೆಳಿಗ್ಗೆ ಕಿಟಕಿ ತೆಗೆದ್ರೆ ಕಳ್ಳ ಅಂತ ನನ್ನೇ ನಾನು ನೋಡ್ಬೇಕಾ?"

"ಯಾರೂ ಕಳ್ಳ ಅನ್ನಲ್ಲ. ಪ್ರೀತಿಯಿಂದ ನಗ್ತಾರೆ ಅಷ್ಟೇ."

"ನಿನ್ನ ನೋಡಿ ಒಂದು ದಿನ ನಗಲಿ, ಆಮೇಲೆ ಪ್ರೀತಿ ಎಷ್ಟಿತ್ತು ಅಂತ ಹೇಳು."

ಮಗಳು ತಟ್ಟೆ ನೂಕಿ ಎದ್ದಳು. ದೊಡ್ಡತ್ತೆ ಮಾತ್ರ ಕೈ ನಿಲ್ಲಿಸಲಿಲ್ಲ. "ಇನ್ನೊಂದು ಚೂರು ಪಲ್ಯ ಹಾಕೇ" ಎಂದು ಅಡಿಗೆಮನೆಯ ಕಡೆಗೆ ತಟ್ಟೆ ಚಾಚಿದಳು.

*

ಮುಂದಿನ ವಾರಗಳಲ್ಲಿ ಊರಿಗೆ ಊರೇ ಕಥೆಯಮ್ಮನನ್ನು ನೆನೆಯಿತು. ಬೇಕರಿಯವನು ಹೊಟ್ಟೆ ಉಬ್ಬಿದ ಬನ್ನು ಮಾಡಿ ಬೆಲ್ಲಪ್ಪ ಬನ್ನು ಎಂದು ಮಾರಿದ. ಪತ್ರಿಕೆಯಲ್ಲಿ ಒಬ್ಬರು 'ನಗುನಗುತ್ತಲೇ ಬಾಳಿದ ತಾಯಿ' ಎಂದು ಬರೆದರು. ಆ ಮಹಾನುಭಾವರು ಈ ಮನೆಯ ಹೊಸಿಲು ತುಳಿದವರಲ್ಲ. ಇನ್ನೊಬ್ಬರು 'ಸಮೃದ್ಧ ಮನೆತನದ ತುಂಬು ಅಡಿಗೆಮನೆಯಲ್ಲಿ ಹುಟ್ಟಿದ ಕಥೆಗಳು' ಎಂದರು. ದೊಡ್ಡತ್ತೆ ಆ ಸಾಲನ್ನು ಮಗಳ ಕೈಲಿ ಎರಡು ಸಲ ಓದಿಸಿಕೊಂಡು ಕೇಳಿದಳು.

ಎದುರಿನ ಉದ್ಯಾನದಲ್ಲಿ ಅಗೆತ ಶುರುವಾಯಿತು. ತೂಕದವನು ಕೆಲಸಕ್ಕೆ ಹೋಗುವಾಗ ಉದ್ಯಾನ ಬಿಟ್ಟು ಹಿಂದಿನ ಓಣಿ ಸುತ್ತಿಕೊಂಡು ಹೋಗತೊಡಗಿದ. ಕಟ್ಟೆಯಲ್ಲಿ ಲಾರಿಯವನೊಬ್ಬ ತಾಳೆಬೆಲ್ಲದ ಅಚ್ಚೊಂದನ್ನು ಕಿಟಕಿಯಿಂದ ಒಳಗೆ ಎಸೆದು, "ಕಲ್ಲಾಗೋ ಮುಂಚೆ ತಿಂದ್ಬಿಡಪ್ಪ!" ಎಂದ. ಸುತ್ತಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ತೂಕದವನು ಆ ಅಚ್ಚನ್ನು ಎತ್ತಿ ಹೊರಗೆಸೆದ. ಅದು ಲಾರಿಯ ಗಾಜಿಗೆ ಬಡಿದು ಗಾಜು ಸೀಳಿತು; ಅವನು ಮಾಲೀಕನಿಂದ ಬೈಸಿಕೊಂಡು ಮನೆಗೆ ಬಂದ.

ಮನೆಯಲ್ಲಿ ನೋಡಿದರೆ ಅಡಿಗೆಮನೆಯ ಮೇಲಿನ ಹಲಗೆ ಖಾಲಿ.

"ಡಬ್ಬಿ ಎಲ್ಲಿ?"

"ಪ್ರಕಾಶಕರು ಆಳು ಕಳಿಸಿದ್ರು" ಎಂದಳು ಮಗಳು, ನೆಲ ನೋಡುತ್ತ. "ನಾನೇ ಕೊಟ್ಟೆ. ಅನಾವರಣದ ದಿನ ನಮ್ಮ ಮಕ್ಕಳು ನಾಟಕ ಮಾಡ್ತಾರೆ. ತಿಂಗಳಿಂದ ಅಭ್ಯಾಸ ಮಾಡಿಸಿದೀನಿ ಅಪ್ಪ. ಬೆಲ್ಲಪ್ಪ ಬರ್ತಾನೆ ಅಂತ ಹೇಳ್ಬಿಟ್ಟಿದೀನಿ."

"ಯಾರು ಬರ್ತಾನೆ?"

"ನೀನು."

ತೂಕದವನಿಗೆ ಮೈಯೆಲ್ಲ ಉರಿದುಹೋಯಿತು. ಊಟಕ್ಕೆ ಕೂತವನು ತುತ್ತು ಎತ್ತದೆ ಗುಡುಗಿದ. "ನಾನು ಆ ಡಬ್ಬಿ ಮುಟ್ಟಿಲ್ಲ! ಐದು ವರ್ಷದವನಿದ್ದಾಗಿಂದ ಬಡ್ಕೋತಿದೀನಿ. ಹೆತ್ತ ತಾಯಿ ನಂಬಲಿಲ್ಲ, ಕಟ್ಟಿಕೊಂಡೋಳು ನಂಬಿದಾಳೋ ಇಲ್ವೋ ಗೊತ್ತಿಲ್ಲ, ಈಗ ಸ್ವಂತ ಮಗಳೂ ನನ್ನ ಹರಾಜಿಗಿಟ್ಟಳು. ಸತ್ತರೂ ಹೇಳ್ತೀನಿ, ನಾನಲ್ಲ!"

ದೊಡ್ಡತ್ತೆ ರೊಟ್ಟಿ ಮುರಿಯುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ಅದೇನು ಅರಚ್ತೀಯೋ. ನೀನಲ್ಲ ಅಂತ ನಮಗೇನು ಗೊತ್ತಿಲ್ವಾ? ತಿಂತಿದ್ದೋಳು ನಿಮ್ಮಮ್ಮ."

ಮಗಳು ರೊಟ್ಟಿ ಕೆಳಗಿಟ್ಟಳು, ತೂಕದವನು ದೊಡ್ಡತ್ತೆಯ ಕಡೆ ತಿರುಗಿದ.

"ಏನಂದ್ರಿ ಅತ್ತೆ?"

"ನಿಮ್ಮಮ್ಮ ಕಣೋ. ಮನೇಲಿ ಒಂಬತ್ತು ಜನ. ಗಂಡಸರದ್ದಾಗಿ, ಮಕ್ಕಳದ್ದಾಗಿ, ನಮ್ಮಮ್ಮಂದು ನಂದು ಆದ ಮೇಲೆ ಅವಳ ಪಾಳಿ. ಉಳಿದಿದ್ದು ಉಣ್ಣಬೇಕು. ಉಳೀದಿದ್ರೆ ಏನ್ಮಾಡೋಕಾಗುತ್ತೆ? ಸೊಸೆಗೆ ಹೊಟ್ಟೆ ತುಂಬಾ ಹಾಕಿದ್ರೆ ತಲೆ ಮೇಲೆ ಕೂತ್ಕೋತಾಳೆ ಅಂತ ನಮ್ಮಮ್ಮ ಯಾವಾಗ್ಲೂ ಹೇಳೋರು. ಇವಳು ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಡಬ್ಬಿಗೆ ಕೈ ಹಾಕೋಳು. ಒಂದಿನ ಮುಚ್ಚಳದ ಸದ್ದಿಗೆ ನಮ್ಮಮ್ಮ ಎದ್ದು ಕೂಗಿದ್ರು, 'ಯಾರದು ಡಬ್ಬಿ ಮುಚ್ಚಳ ತೆಗೆದಿದ್ದು?' ಅಂತ. ನೀನು ಅಲ್ಲೇ ಬಾಗಿಲಲ್ಲಿ ಬುಗುರಿ ಆಡ್ತಿದ್ದೆ. ನಿಮ್ಮಮ್ಮ ಎರಡು ನಿಮಿಷ ಬಾಯಿ ಬಿಡಲಿಲ್ಲ. ಬಾಯಲ್ಲಿ ಬೆಲ್ಲ ಇತ್ತಲ್ಲ! ನುಂಗಿ, ಆಮೇಲೆ ಶುರು ಮಾಡಿದಳು ನೋಡು. ಮಗ ಹೇಗೆ ಕುರ್ಚಿ ಎಳೆದ, ಕುರ್ಚಿ ಮೇಲೆ ಕೊಡ ಇಟ್ಟ, ಕೊಡದ ಮೇಲೆ ಹೇಗೆ ಹತ್ತಿದ, ಸಿಕ್ಕಿಬಿದ್ದಾಗ ಹೇಗೆ ಕೈ ಹಿಂದೆ ಕಟ್ಟಿಕೊಂಡ. ನಮ್ಮಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ್ರು. 'ಗಂಡುಹುಡುಗ, ತಿನ್ನಲಿ ಬಿಡೇ' ಅಂದ್ರು. ಅದೇ ಅವಳ ಮೊದಲ್ನೇ ಕಥೆ."

"ನೀವು ನೋಡಿದ್ರಾ?"

"ಕಿಟಕಿಲಿ ನೋಡ್ತಾನೇ ಇದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಸತ್ತವರ ಮೇಲೆ ಚಾಡಿ ಹೇಳೋಳಲ್ಲ ನಾನು. ಬದುಕಿದ್ದಾಗ್ಲೂ ಹೇಳಲಿಲ್ಲ. ಹೇಳಿದ್ರೆ ನಮ್ಮಮ್ಮ ಅವಳನ್ನ ಕಳ್ಳಿ ಅಂತ ತವರಿಗಟ್ತಿದ್ರು. ಆಮೇಲೆ ಅಡಿಗೆ ಮಾಡೋರ್ಯಾರು?" ದೊಡ್ಡತ್ತೆ ತಾನು ಮಾಡಿದ ಉಪಕಾರವನ್ನು ತಾನೇ ಮೆಚ್ಚಿ ತಲೆಯಾಡಿಸಿದಳು. "ಈಗೇನು, ಬೆಲ್ಲ ಒಂದು ತುಣುಕಿಗೆ ಇಷ್ಟು ರಂಪ?"

ತೂಕದವನಿಗೆ ಮೊದಲು ಸಿಟ್ಟು ಬಂದದ್ದು ಅಮ್ಮನ ಮೇಲೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ, ಹೆತ್ತವಳೇ ಒರೆಸಿದಳಲ್ಲ! ಒಂದು ಸಲವಲ್ಲ, ಪುಸ್ತಕದ ಮೇಲೆ ಪುಸ್ತಕ ಅಚ್ಚು ಹಾಕಿಸಿ ಒರೆಸಿದಳು. ಊರಿನ ಪ್ರತಿ ಮಗುವಿನ ಕೈಗೂ ಕೊಟ್ಟು ಒರೆಸಿದಳು. ಹಲ್ಲು ಕಡಿದುಕೊಂಡು ಎದ್ದ. ಎದ್ದವನಿಗೆ ಅಡಿಗೆಮನೆಯಿಂದ ಒಂದು ಸದ್ದು ಕೇಳಿಸಿತು. ಸೌಟು ಪಾತ್ರೆಯ ತಳವನ್ನು ಕೆರೆಯುವ ಸದ್ದು.

ಚಿಕ್ಕಂದಿನಿಂದ ಕೇಳಿದ ಸದ್ದು ಅದು. ಹಾಸಿಗೆಯಲ್ಲಿ ಮಲಗಿ, ಅಮ್ಮ ಪಾತ್ರೆ ತಿಕ್ಕುತ್ತಿದ್ದಾಳೆ ಎಂದುಕೊಂಡು ನಿದ್ದೆ ಹೋಗುತ್ತಿದ್ದ. ಈಗ ಹೋಗಿ ಬಾಗಿಲಲ್ಲಿ ನಿಂತು ನೋಡಿದರೆ, ಹೆಂಡತಿ ಒಲೆಯ ಪಕ್ಕ ನಿಂತೇ, ತಳಕ್ಕೆ ಹತ್ತಿದ ಪಲ್ಯವನ್ನು ಕೆರೆದು ಅರ್ಧ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದಳು.

"ಇಷ್ಟೇನಾ?" ಎಂದ.

"ಸಾಕಾಗುತ್ತೆ ನಂಗೆ."

"ದಿನಾ ಇಷ್ಟೇನಾ?"

ಹೆಂಡತಿ ನುಂಗಿ, ನೀರು ಕುಡಿದು, ಸೌಟನ್ನು ತೊಟ್ಟಿಗೆ ಹಾಕಿದಳು. "ಇವತ್ತು ಕಣ್ಣಿಗೆ ಬಿತ್ತಾ?"

*

ಬೆಳಿಗ್ಗೆ ಹೆಂಡತಿ ಬಟ್ಟೆ ಹಿಂಡುತ್ತಿದ್ದಾಗ ಅವನು ಹಿತ್ತಿಲಿಗೆ ಹೋಗಿ ಬಕೆಟ್ಟಿನ ಪಕ್ಕ ನಿಂತ.

"ನಿನಗೆ ಗೊತ್ತಿತ್ತಾ? ಅಮ್ಮನ ವಿಷಯ?"

"ಬಾಯಿಬಿಟ್ಟು ಹೇಳಿದವರಲ್ಲ. ಆದರೆ ನಾನು ಈ ಮನೆಗೆ ಬಂದ ಮೊದಲ್ನೇ ವಾರ, ಮಧ್ಯಾಹ್ನ ದೊಡ್ಡತ್ತೆ ಮಲಗಿದ ಮೇಲೆ, ಅತ್ತೆ ಬಂದು ನನ್ನ ಕೈಲಿ ಒಂದು ಉಂಡೆ ಬೆಲ್ಲ ಇಟ್ಟು ಬೆರಳು ಮುಚ್ಚಿದ್ರು. 'ಬೇಗ ತಿನ್ನು, ಯಾರೂ ನೋಡ್ತಿಲ್ಲ' ಅಂದ್ರು. ಕೆಲಸಕ್ಕೆ ಹೋಗೋಕೆ ಶುರು ಮಾಡಿದ ಮೇಲೆ ನನ್ನ ಚೀಲದಲ್ಲಿ ಪೊಟ್ಟಣ ಕಟ್ಟಿ ಇಡ್ತಿದ್ರು. ಆಸ್ಪತ್ರೆಗೆ ಸೇರೋ ಹಿಂದಿನ ದಿನದವರೆಗೂ." ಅವಳು ಅಂಗಿಯೊಂದನ್ನು ಜಾಡಿಸಿ ಹಗ್ಗಕ್ಕೆ ಹಾಕಿದಳು. "ಈಗ ಇಡೋರು ಯಾರೂ ಇಲ್ಲ."

"ಅಷ್ಟು ದೊಡ್ಡ ಹೆಸರು ಬಂತು. ಈ ಮನೆ ನಡೀತಿದ್ದಿದ್ದೇ ಅವಳ ಪುಸ್ತಕದಿಂದ. ಬಂದು ಕುರ್ಚಿ ಎಳೆದು ಕೂತ್ಕೋಬಾರದಿತ್ತಾ?"

"ಕೂತ್ಕೊಳಿ ಅಂತ ನೀವು ಒಂದು ಸಲ ಅಂದಿದ್ರಾ?"

ಊರು ತನ್ನನ್ನು ನೋಡಿ ನಗುತ್ತದೆ ಎಂಬ ಒಂದೇ ಸಿಟ್ಟನ್ನು ತೂಕದವನು ಇಷ್ಟು ವರ್ಷ ಮಗುವಿನ ಹಾಗೆ ಸಾಕಿದ್ದ. ಪಕ್ಕದಲ್ಲಿ ಯಾರು ಉಂಡರು, ಯಾರು ಬಿಟ್ಟರು ಎಂದು ತಲೆಯೆತ್ತಿ ನೋಡಿದವನಲ್ಲ. ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಹಳೆಯ ಸಿಟ್ಟು ಹೊಸ ದಾರಿ ಹಿಡಿದು ಬಂತು.

"ಅನಾವರಣಕ್ಕೆ ಹೋಗ್ತೀನಿ" ಎಂದ. "ಎಲ್ಲರೆದುರು ಹೇಳ್ತೀನಿ."

"ನಿಮ್ಮಮ್ಮನ ಮಾನ ಹೋಗಲ್ವಾ?"

"ಹಸಿದವಳ ಮಾನ ಯಾಕೆ ಹೋಗುತ್ತೆ? ಉಪವಾಸ ಕೆಡವಿದವರದ್ದು ಹೋಗಲಿ."

*

ಅನಾವರಣದ ದಿನ ಉದ್ಯಾನ ತುಂಬಿತ್ತು. ಬಣ್ಣದ ಬಲೂನು, ಕಿವಿ ತೂತಾಗುವ ಮೈಕು. ಮುಂದಿನ ಸಾಲಿನಲ್ಲಿ ದೊಡ್ಡತ್ತೆಗೆ ಮೆತ್ತನೆಯ ಕುರ್ಚಿ. 'ಮನೆತನದ ಹಿರಿಯರು' ಎಂದು ಸಮಿತಿಯವರು ಕೈಹಿಡಿದು ಕರೆತಂದು ಕೂರಿಸಿದರು. ತೂಕದವನ ಹೆಂಡತಿಗೆ ಕುರ್ಚಿ ಇರಲಿಲ್ಲ. "ಮನೆಯವರೇ ಅಲ್ವಾ, ಸ್ವಲ್ಪ ಮಕ್ಕಳಿಗೆ ಬಿಸ್ಕತ್ತು ಹಂಚಿ" ಎಂದು ಅವಳ ಕೈಗೆ ತಟ್ಟೆ ಕೊಟ್ಟಿದ್ದರು.

ಮಗಳ ಶಿಶುವಿಹಾರದ ಮಕ್ಕಳು ನಾಟಕ ಆಡಿದರು. ಹೊಟ್ಟೆಗೆ ದಿಂಬು ಕಟ್ಟಿಕೊಂಡ ಪುಟಾಣಿ ಬೆಲ್ಲಪ್ಪ "ನಾನಲ್ಲಪ್ಪ" ಎಂದಾಗ ದಿಂಬು ಜಾರಿ ಬಿತ್ತು, ಜನ ಚಪ್ಪಾಳೆ ತಟ್ಟಿದರು. ಪರದೆ ಸರಿಯಿತು. ಕಲ್ಲಿನ ಹುಡುಗ ಕೊಬ್ಬಿದ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದ. ಹೊಟ್ಟೆಗಿಲ್ಲದವಳ ಹೆಸರಿನಲ್ಲಿ ಎಂಥ ಹೊಟ್ಟೆ! ಕೆತ್ತಿದವನದ್ದೇನು ತಪ್ಪು, ಅವನು ಪುಸ್ತಕದಲ್ಲಿದ್ದದ್ದನ್ನು ಕೆತ್ತಿದ್ದ.

"ಈಗ ಸಾಕ್ಷಾತ್ ಬೆಲ್ಲಪ್ಪನವರು!" ಎಂದರು ಪ್ರಕಾಶಕರು.

ತೂಕದವನು ಮೈಕಿನ ಮುಂದೆ ನಿಂತ. ಪಕ್ಕದ ಮೇಜಿನ ಮೇಲೆ ಅಮ್ಮನ ಡಬ್ಬಿ, ಹೊಳೆಯುವಂತೆ ಉಜ್ಜಿಸಿ ಇಟ್ಟಿದ್ದರು. ಅವಳ ಬೆರಳಿನಿಂದ ಸವೆದ ಮುಚ್ಚಳದ ಅಂಚು ಮಾತ್ರ ಹಾಗೇ ಇತ್ತು.

"ಬೆಲ್ಲ ತಿಂದಿದ್ದು ನಾನಲ್ಲ" ಎಂದ.

ಉದ್ಯಾನವೆಲ್ಲ ಹೋ ಎಂದಿತು. ಮಕ್ಕಳು ಎದ್ದು ಕುಣಿಯುತ್ತ, "ನಾನಲ್ಲಪ್ಪ, ನಾನಲ್ಲ!" ಎಂದು ಒಂದೇ ದನಿಯಲ್ಲಿ ಕೂಗಿದರು.

"ನಿಜವಾಗಿ ಹೇಳ್ತಿದೀನಿ. ಕೇಳಿ. ತಿಂದಿದ್ದು ನಮ್ಮಮ್ಮ."

ನಗು ಇಮ್ಮಡಿಯಾಯಿತು. ಯಾರೋ ಸಿಳ್ಳೆ ಹಾಕಿದರು.

"ಅವಳಿಗೆ ಹಸಿವಾಗ್ತಿತ್ತು! ನಮ್ಮ ಮನೇಲಿ ಅವಳಿಗೆ ಊಟ..."

ಪ್ರಕಾಶಕರು ಮೈಕು ಕಿತ್ತುಕೊಂಡರು. "ನೋಡಿದ್ರಾ! ಅಮ್ಮನ ಹಾಸ್ಯ ಮಗನಿಗೂ ಬಂದಿದೆ. ಕಳ್ಳತನ ಅಮ್ಮನ ಮೇಲೇ ಹಾಕ್ತಾನಲ್ಲ!" ಎನ್ನುತ್ತ ಅವನ ಮಣಿಕಟ್ಟು ಹಿಡಿದು, ಡಬ್ಬಿಯೊಳಗೆ ತುರುಕಿ, ಫೋಟೋದವರ ಕಡೆಗೆ ತಿರುಗಿಸಿದರು. ಬೆಳಕು ಫಳಫಳ ಮಿಂಚಿತು. ತೂಕದವನ ಬೆರಳು ಡಬ್ಬಿಯ ತಳಕ್ಕೆ ತಾಗಿತು. ಬೆಲ್ಲ ಹಾಕುವುದನ್ನು ಸಮಿತಿ ಮರೆತಿತ್ತು. ಡಬ್ಬಿ ಖಾಲಿ.

ಅವನು ಕೈ ಬಿಡಿಸಿಕೊಂಡು, ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ವೇದಿಕೆ ಇಳಿದ. "ಅದು ಸಮಿತಿದು ಸಾರ್!" ಎಂದು ಯಾರೋ ಕೂಗಿದರು. "ಬೆಲ್ಲಪ್ಪ ಡಬ್ಬಿ ಕದ್ದ!" ಎಂದು ಇನ್ನೊಬ್ಬ. ಮತ್ತೆ ನಗು. ಇಡೀ ಉದ್ಯಾನದಲ್ಲಿ ನಗದೇ ಇದ್ದವರು ಇಬ್ಬರು. ಒಬ್ಬಳು ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದವಳು. ಇನ್ನೊಬ್ಬಳು, ದಿಂಬು ಕೈಯಲ್ಲಿ ಹಿಡಿದು ಪರದೆಯ ಪಕ್ಕ ನಿಂತಿದ್ದ ಮಗಳು.

*

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಡಬ್ಬಿಯೊಳಗೆ ಕೈ. ಮೇಲೆ ದಪ್ಪಕ್ಷರ: 'ಬೆಲ್ಲಪ್ಪ ಮತ್ತೆ ಸಿಕ್ಕಿಬಿದ್ದ!' ಮಗಳು ಅದನ್ನು ಓದಿ ಪ್ರಕಾಶಕರಿಗೆ ಫೋನು ಮಾಡಿದಳು. ಮನೆಯೆಲ್ಲ ಕೇಳಿಸುವಂತೆ ಜಗಳವಾಡಿದಳು.

"ತಮಾಷೆ ಅಲ್ಲ ಸಾರ್, ನಮ್ಮಪ್ಪ ಹೇಳಿದ್ದು ನಿಜ... ಓದೋರಿಗೆ ಬೇಜಾರಾಗುತ್ತಾ? ಆಗಲಿ ಬಿಡಿ. ಹಸಿದೋಳಿಗೆ ಆಗಲಿಲ್ವಾ?... ಮುಂದಿನ ಮುದ್ರಣದಲ್ಲಿ ಒಂದು ಪುಟ ಸೇರಿಸೋಕಾಗಲ್ವಾ? ಒಂದೇ ಪುಟ..." ಆ ಕಡೆ ಫೋನು ಇಟ್ಟ ಸದ್ದಾಯಿತು.

ಅವಳು ಬಂದು ಅಪ್ಪನ ಪಕ್ಕ ನಿಂತಳು. "ನಾನೂ ನಕ್ಕೋಳೇ ಅಲ್ವೇನಪ್ಪ, ಇಷ್ಟು ದಿನ."

"ಹೋಗ್ಲಿ ಬಿಡಮ್ಮ. ನಾಲ್ಕನೇ ಕುರ್ಚಿ ಮೇಲಿನ ಬಟ್ಟೆ ತೆಗಿ."

ಹೆಂಡತಿ ಕೆಲಸದಿಂದ ಬರುವಾಗ ತನ್ನ ಸಂಬಳದಲ್ಲಿ ಬೆಲ್ಲ ತಂದಿದ್ದಳು. ಡಬ್ಬಿ ತುಂಬಿಸಿ ಮೇಲಿನ ಹಲಗೆಗೆ ಇಡಲಿಲ್ಲ. ಎಲ್ಲರ ಕೈಗೂ ಸಿಗುವಂತೆ ಕೆಳಗೇ ಇಟ್ಟಳು. ದೊಡ್ಡತ್ತೆ ಮೂತಿ ತಿರುವಿದಳು.

ಊಟದ ಹೊತ್ತಿಗೆ ತೂಕದವನು ಸೌಟು ಹಿಡಿದು ನಿಂತ. ಹೆಂಡತಿಯ ಭುಜ ಹಿಡಿದು ನಾಲ್ಕನೆಯ ಕುರ್ಚಿಯಲ್ಲಿ ಕೂರಿಸಿದ.

"ಇದೇನೋ ಇದು?" ಎಂದಳು ದೊಡ್ಡತ್ತೆ. "ಬಡಿಸೋಳೇ ಕೂತರೆ ಬಡಿಸೋರ್ಯಾರು?"

"ನನ್ನ ಕೈಗೇನು ರೋಗ ಬಂದಿದೆ ಅತ್ತೆ?"

"ಗಂಡಸು ಸೌಟು ಹಿಡಿದ್ರೆ ಮನೆ ಉದ್ಧಾರ ಆದ ಹಾಗೇ."

"ಇಷ್ಟು ದಿನ ಹಿಡೀದೆ ಆಗಿರೋ ಉದ್ಧಾರ ನೋಡಿದೀವಲ್ಲ."

ಬಡಿಸಿ ಅಭ್ಯಾಸವಿಲ್ಲದ ಕೈ. ಅನ್ನ ಮೇಜಿನ ಮೇಲೆ ಚೆಲ್ಲಿತು, ಸಾರು ತಟ್ಟೆಯ ಅಂಚು ದಾಟಿತು. ಹೆಂಡತಿ ಮೊದಲು ತಲೆ ತಗ್ಗಿಸಿ ಮೆಲ್ಲಗೆ ಉಂಡಳು, ಆಮೇಲೆ ಬೇಗ ಬೇಗ ಉಂಡಳು. ತಟ್ಟೆ ಖಾಲಿಯಾಯಿತು. ಅವಳು ದೊಡ್ಡತ್ತೆಯ ಕಡೆ ಒಂದು ಸಲ, ಗಂಡನ ಕಡೆ ಒಂದು ಸಲ ನೋಡಿದಳು.

"ಇನ್ನೊಂದು ಸೌಟು ಹಾಕ್ತೀರಾ?"

ಹಾಕಿದ. ಮಗಳೂ ಕೇಳಿದಳು, ಹಾಕಿದ. ದೊಡ್ಡತ್ತೆ ಗೊಣಗುತ್ತಲೇ ತಟ್ಟೆ ಚಾಚಿದಳು, ಅವಳಿಗೂ ಹಾಕಿದ. ಆಮೇಲೆ ತನ್ನ ತಟ್ಟೆ ಹಿಡಿದು ಅಡಿಗೆಮನೆಗೆ ಹೋಗಿ ನೋಡಿದರೆ ಪಾತ್ರೆಯಲ್ಲಿ ಏನೂ ಇರಲಿಲ್ಲ.

ಸೌಟಿನಿಂದ ತಳ ಕೆರೆದ. ಆ ಸದ್ದು ಈ ಸಲ ಅವನ ಕೈಯಿಂದಲೇ ಬಂತು. ಕೆರೆದದ್ದೆಲ್ಲ ಸೇರಿ ಎರಡು ತುತ್ತು. ಕಟ್ಟೆಯಲ್ಲಿ ದಿನವಿಡೀ ನಿಂತು ಬಂದ ಹೊಟ್ಟೆ ಒಳಗೆ ಹಿಂಡಿತು. ಒಂದು ದಿನಕ್ಕೆ ಹೀಗೆ. ಒಂದು ಆಯುಷ್ಯಕ್ಕೆ?

ಅವನು ಬಗ್ಗಿ ಡಬ್ಬಿಯ ಮುಚ್ಚಳ ತೆಗೆದ. ಹುಟ್ಟಿದ ಮೇಲೆ ಮೊದಲ ಸಲ ಅದರೊಳಗೆ ತಾನಾಗಿ ಕೈ ಹಾಕಿದ. ದೊಡ್ಡದೊಂದು ಉಂಡೆ ಮುರಿದು ಬಾಯಿಗಿಟ್ಟುಕೊಂಡ.

ಮುಚ್ಚಳ ಕೈಜಾರಿ ನೆಲಕ್ಕೆ ಬಿದ್ದು ಠಣ್ಣೆಂದಿತು.

"ಯಾರದು ಡಬ್ಬಿ ಮುಚ್ಚಳ ತೆಗೆದಿದ್ದು?" ಎಂದು ದೊಡ್ಡತ್ತೆ ಮೇಜಿನಿಂದ ಕೂಗಿದಳು. ಥೇಟ್ ಅವಳಮ್ಮನ ದನಿ.

ಹೆಂಡತಿಯೂ ಮಗಳೂ ತಿರುಗಿ ಅಡಿಗೆಮನೆಯ ಬಾಗಿಲು ನೋಡಿದರು. ತೂಕದವನು ಬೆಲ್ಲ ನುಂಗುವವರೆಗೂ ಕಾಯಲಿಲ್ಲ, ಬಾಯಿಯೂ ಒರೆಸಿಕೊಳ್ಳಲಿಲ್ಲ. ಡಬ್ಬಿಯನ್ನು ಎದೆಗೊತ್ತಿಕೊಂಡು ಬಂದು ಬೆಳಕಿನಲ್ಲಿ ನಿಂತ.

"ನಾನೇ ಅತ್ತೆ" ಎಂದ. "ಹಸಿವಾಗಿತ್ತು."